ನಾಲಿಗೆಯ ಕೆಳಗಿನ ದಾರ

ಸೂಜಿಗೆ ದಾರ ಪೋಣಿಸುವ ದರ್ಜಿಯನ್ನು ನೀವು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ದಾರದ ತುದಿಯನ್ನು ಹಲ್ಲಿನಿಂದ ಕಚ್ಚಿ ತುಂಡರಿಸುತ್ತಾನೆ. ನಾಲಿಗೆಯನ್ನು ಒಂದಿಷ್ಟು ಹೊರಗೆ ಚಾಚಿ ಆ ತುದಿಗೆ ಎಂಜಲು ಹಚ್ಚುತ್ತಾನೆ. ಎರಡು ಬೆರಳಲ್ಲಿ ಹೊಸೆದು ಸೂಜಿಯ ಕಣ್ಣಿಗೆ ಒಡ್ಡುತ್ತಾನೆ. ನಾನು ಕಂಡ ದರ್ಜಿಗಳೆಲ್ಲ ಹೀಗೆಯೇ. ನಾನೊಬ್ಬ ಮಾತ್ರ ಬೇರೆ. ನನ್ನ ಮಷೀನಿನ ಬಲಗಡೆ ಸೋಡಾ ಬಾಟಲಿಯ ಮುಚ್ಚಳವೊಂದಿದೆ, ಅದರೊಳಗೆ ಒದ್ದೆ ಸ್ಪಂಜಿನ ತುಣುಕು. ದಾರದ ತುದಿಯನ್ನು ಅದಕ್ಕೆ ಒತ್ತಿ ಪೋಣಿಸುತ್ತೇನೆ.

ಹೋದ ವಾರ ಕುರ್ತಿ ಚಿಕ್ಕದು ಮಾಡಿಸಲು ಬಂದ ಕಾಲೇಜು ಹುಡುಗಿಯೊಬ್ಬಳು ಇದನ್ನು ನೋಡಿ, 'ವಾವ್ ಅಂಕಲ್, ಕಿತನೇ ಹೈಜೀನಿಕ್ ಹೋ ಆಪ್!' ಎಂದಳು. ಎಷ್ಟು ಶುಚಿ ನೀವು ಅಂತ. ದೆಹಲಿಯ ಈ ಸರೋಜಿನಿ ನಗರದ ಗಲ್ಲಿಯಲ್ಲಿ ಕುಳಿತ ಮೇಲೆ ನನಗೆ ಸಿಕ್ಕಿದ ಹೊಗಳಿಕೆಗಳು ಕಡಿಮೆ. ಆದ್ದರಿಂದ ಬಂದದ್ದನ್ನು ಬಿಡಬಾರದೆಂದು ಗಂಭೀರವಾಗಿ ತಲೆಯಾಡಿಸಿದೆ. ಶುಚಿಯೂ ಇಲ್ಲ, ಮಣ್ಣೂ ಇಲ್ಲ. ನನ್ನ ನಾಲಿಗೆ ಹಲ್ಲು ದಾಟಿ ಹೊರಗೆ ಬರುವುದಿಲ್ಲ, ಅಷ್ಟೇ.

ಎಲ್ಲರ ನಾಲಿಗೆಯ ಕೆಳಗೂ ಒಂದು ತೆಳ್ಳನೆಯ ಪೊರೆ ಇರುತ್ತದೆ. ಕನ್ನಡಿ ಮುಂದೆ ನಿಂತು ನಾಲಿಗೆ ಮೇಲೆತ್ತಿದರೆ ಕಾಣುತ್ತದೆ. ನನ್ನದು ಮೋಟು ಮತ್ತು ದಪ್ಪ. ತುದಿಯ ತನಕ ಬಂದು ನಾಲಿಗೆಯನ್ನು ಕೆಳಗೆ ಹಿಡಿದು ಕೂತಿದೆ. ಬಲವಂತವಾಗಿ ಚಾಚಿದರೆ ತುದಿ ನಡುವೆ ಸೀಳಿದ ಎಲೆಯ ಹಾಗೆ ಆಗುತ್ತದೆ. ಇದಕ್ಕೆ ಡಾಕ್ಟರರು ಟಂಗ್ ಟೈ ಅನ್ನುತ್ತಾರೆ. ಕುತ್ತಿಗೆಗೆ ಟೈ ಕಟ್ಟುವಷ್ಟು ಓದು ನನಗೆ ಹತ್ತಲಿಲ್ಲ, ದೇವರು ನಾಲಿಗೆಗೆ ಮೊದಲೇ ಕಟ್ಟಿ ಕಳಿಸಿದ್ದ.

ನಾಲಿಗೆ ಮಾತಿಗೆ ಮಾತ್ರ ಬೇಕು ಎಂದು ನೀವು ತಿಳಿದಿದ್ದರೆ ಅದು ನಿಮಗೆ ಸರಿಯಾದ ನಾಲಿಗೆ ಇರುವುದರಿಂದ. ತಿಪಟೂರಿನ ನಮ್ಮ ಶಾಲೆಯ ಗೇಟಿಗೆ ಸೈಕಲ್ಲಿನಲ್ಲಿ ಐಸ್‌ಕ್ಯಾಂಡಿಯವನು ಬರುತ್ತಿದ್ದ. ಬೇರೆ ಹುಡುಗರು ಆ ಕೆಂಪು ಕಡ್ಡಿಯನ್ನು ನೆಕ್ಕಿ ನೆಕ್ಕಿ ಅರ್ಧ ಗಂಟೆ ಬಾಳಿಸುತ್ತಿದ್ದರು. ನಾನು ಕಚ್ಚಿ ತಿನ್ನಬೇಕು. ಎಲ್ಲರಿಗಿಂತ ಮೊದಲು ನನ್ನದು ಮುಗಿಯುತ್ತಿತ್ತು. ಆಮೇಲೆ ಉಳಿದವರ ಬಾಯಿ ನೋಡುತ್ತಾ ನಿಲ್ಲುವುದು. ಜಗಳದಲ್ಲೂ ಅಷ್ಟೇ. ಹುಡುಗರ ಜಗಳದಲ್ಲಿ ಅರ್ಧ ಜಗಳ ನಾಲಿಗೆ ಚಾಚಿ ಅಣಕಿಸುವುದರಲ್ಲೇ ನಡೆಯುತ್ತದೆ. ನನಗೆ ಆ ಆಯುಧವಿಲ್ಲದ್ದರಿಂದ ನೇರವಾಗಿ ಕೈ ಎತ್ತುತ್ತಿದ್ದೆ, ಎಲ್ಲರೂ ನನ್ನನ್ನು ಒರಟ ಎನ್ನುತ್ತಿದ್ದರು. ಮದುವೆ ಮನೆಯಲ್ಲಿ ಎಲೆಯ ಮೇಲಿನ ಪಾಯಸವನ್ನು ಅಂಗೈಯಲ್ಲಿ ಬಳಿದು ನೆಕ್ಕುವ ಸುಖ ನನಗೆ ಇವತ್ತಿಗೂ ಗೊತ್ತಿಲ್ಲ. ಅಂಚೆ ಕವರಿನ ಗೋಂದನ್ನು ನನ್ನ ತಂಗಿ ಸಾವಿತ್ರಿ ನೆಕ್ಕಿ ಅಂಟಿಸಿಕೊಡುತ್ತಿದ್ದಳು. 'ಅಣ್ಣಾ, ನಿನ್ನ ಕಾಗದಕ್ಕೆಲ್ಲಾ ನಂದೇ ಎಂಜಲು' ಎಂದು ನಗುತ್ತಿದ್ದಳು.

ಆರನೇ ಕ್ಲಾಸಿನ ತನಕ ಹೋದೆ. ನನ್ನ ಕೈಬರಹ ಇಡೀ ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿತ್ತು. ಇದನ್ನು ಯಾರೂ ಹೇಳದಿರುವುದರಿಂದ ನಾನೇ ಹೇಳಿಕೊಳ್ಳುತ್ತಿದ್ದೇನೆ. ಆದರೆ ಶಾಲೆಯಲ್ಲಿ ಬರೆಯುವುದಕ್ಕಿಂತ ಎದ್ದು ನಿಂತು ಗಟ್ಟಿಯಾಗಿ ಓದುವುದೇ ಹೆಚ್ಚು. ನನ್ನ ಸರದಿ ಬಂದಾಗ ಮೇಷ್ಟ್ರು, 'ಏನೋ, ಬಾಯಲ್ಲಿ ಮುದ್ದೆ ಇಟ್ಕೊಂಡಿದ್ದೀಯೇನೋ? ನುಂಗಿ ಆಮೇಲೆ ಓದೋ' ಎನ್ನುತ್ತಿದ್ದರು. ಹುಡುಗರು ನಗುವುದಕ್ಕೆ ಅಷ್ಟು ಸಾಕು. ಇದನ್ನೂ ಸಹಿಸಿಕೊಂಡಿದ್ದೆ. ಒಂದು ದಿನ ಇನ್ಸ್‌ಪೆಕ್ಟರು ಬರುತ್ತಾರೆಂದು ಶಾಲೆಗೆ ಸುಣ್ಣ ಬಳಿದಿದ್ದರು. ಅವರ ಜೀಪು ಬಂದ ಕೂಡಲೇ ಮೇಷ್ಟ್ರು ನನ್ನ ಕೈಗೆ ಬಿಂದಿಗೆ ಕೊಟ್ಟು, 'ನೀನು ಹೋಗಿ ಗಿಡಕ್ಕೆ ನೀರು ಹಾಕು, ಕರೆಯೋ ತನಕ ಬರಬೇಡ' ಎಂದರು. ನನ್ನನ್ನು ಓದಲು ಎಬ್ಬಿಸಿಬಿಟ್ಟರೆ ಎಂಬ ಭಯ. ಹಿತ್ತಲಲ್ಲಿ ನಿಂತು ಒಳಗೆ ಪದ್ಯ ಹೇಳುವುದನ್ನು ಕೇಳಿದೆ. ಬಿಂದಿಗೆಯನ್ನು ಗಿಡದ ಬುಡದಲ್ಲಿಟ್ಟು ಮನೆಗೆ ಹೋದೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅಪ್ಪ ಹೊಡೆದರು, ಅಮ್ಮ ಅತ್ತಳು, ನನ್ನ ಸೋದರಮಾವ ತನ್ನ ಹೊಲಿಗೆ ಅಂಗಡಿಗೆ ಕರೆದುಕೊಂಡು ಹೋದ. ಮಷೀನಿಗೆ ಕಾಲು ಬೇಕು, ಕಣ್ಣು ಬೇಕು. ನಾಲಿಗೆ ಬೇಡ.

ದೆಹಲಿಗೆ ಬಂದದ್ದು ಕಂಟೋನ್ಮೆಂಟಿನಲ್ಲಿ ಸೈನಿಕರ ಸಮವಸ್ತ್ರ ಹೊಲಿಯುತ್ತಿದ್ದ ನಮ್ಮ ಕಡೆಯವರೊಬ್ಬರ ಕೈಕೆಳಗೆ. ಕೊಡಗಿನ ಸುಬೇದಾರರ ಕಾಲರು, ಭುಜಪಟ್ಟಿ ಹೊಲಿದು ಕೈ ಕುದುರಿತು. ಆಮೇಲೆ ಸರೋಜಿನಿ ನಗರದಲ್ಲಿ ನನ್ನದೇ ಒಂದು ಜಾಗ, ಹತ್ತಿರದ ಹಳ್ಳಿಯಂಥ ಗಲ್ಲಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಇಲ್ಲಿ ದರ್ಜಿಯನ್ನು ಎಲ್ಲರೂ ಮಾಸ್ಟರ್‌ಜೀ ಎಂದು ಕರೆಯುತ್ತಾರೆ. ಆರನೇ ಕ್ಲಾಸು ಬಿಟ್ಟವನಿಗೆ ಈ ಊರು ಕೊಟ್ಟ ಪದವಿ.

ಪದವಿಗಿಂತ ದೊಡ್ಡ ಉಪಕಾರವೊಂದನ್ನು ಈ ಊರು ನನಗೆ ಮಾಡಿದೆ. ನನ್ನ ಹಿಂದಿ ತೊಡರಿದರೆ ಇಲ್ಲಿನವರು, 'ಮದ್ರಾಸಿ ಹೈ ಬೇಚಾರಾ' ಎಂದು ಸುಮ್ಮನಾಗುತ್ತಾರೆ. ದಕ್ಷಿಣದವನು, ಪಾಪ ಅಂತ. ಆರ್.ಕೆ.ಪುರಂ ಕ್ವಾರ್ಟರ್ಸಿನಿಂದ ರವಿಕೆ ಹೊಲಿಸಲು ಬರುವ ನಮ್ಮ ಕನ್ನಡದ ಹೆಂಗಸರು, 'ಹಿಂದಿ ಆಡಿ ಆಡಿ ಮಾಸ್ಟರ ಕನ್ನಡ ಕೆಟ್ಟೋಗಿದೆ' ಎಂದು ಮರುಗುತ್ತಾರೆ. ಹಿಂದಿಯವರು ಕನ್ನಡದ ಮೇಲೆ, ಕನ್ನಡದವರು ಹಿಂದಿಯ ಮೇಲೆ ತಪ್ಪು ಹೊರಿಸುತ್ತಾ ಹೋದರು. ಇಬ್ಬರ ನಡುವೆ ನನ್ನ ನಾಲಿಗೆ ಮೂವತ್ತು ವರ್ಷ ಯಾರ ಕೈಗೂ ಸಿಗದೆ ಬದುಕಿತು. ಗೊತ್ತಿದ್ದದ್ದು ಮನೆಯವರಿಗೆ ಮಾತ್ರ. ಹೆಂಡತಿ ಗಿರಿಜಾ ಮದುವೆಯಾದ ಹೊಸದರಲ್ಲೇ ಕಂಡುಹಿಡಿದಳು. 'ಬಿಡ್ರೀ, ನಾಲಿಗೆ ಉದ್ದ ಇರೋ ಗಂಡಸರನ್ನ ನಮ್ಮ ಮನೇಲಿ ಬೇಕಾದಷ್ಟು ನೋಡಿ ಬಂದಿದ್ದೀನಿ' ಎಂದಳು. ಆ ಮಾತಿಗೆ ನಾನು ಅವಳಿಗೆ ಇವತ್ತಿಗೂ ಋಣಿ.

ನನ್ನ ಕಸುಬಿನ ಗುಟ್ಟೊಂದನ್ನು ಈಗ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಮಾರ್ಕೆಟ್ಟಿನ ರಾಶಿಯಲ್ಲಿ ಆರಿಸಿದ ಬಟ್ಟೆ ಯಾರಿಗೂ ಸರಿಯಾಗಿ ಕೂರುವುದಿಲ್ಲ. ಸೊಂಟ ಸಡಿಲ ಎಂದು ನನ್ನ ಹತ್ತಿರ ತರುತ್ತಾರೆ. ನಾನು ಟೇಪು ಹಿಡಿದು ಸೊಂಟ ಅಳೆಯುತ್ತೇನೆ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, ಹುಬ್ಬು ಗಂಟಿಕ್ಕಿ, 'ಮೇಡಂ, ಶೋಲ್ಡರ್ ಭೀ ಥೋಡಾ ಅಂದರ್ ಲೇನಾ ಪಡೇಗಾ' ಎನ್ನುತ್ತೇನೆ. ಭುಜವನ್ನೂ ಒಂದಿಷ್ಟು ಒಳಗೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಬಟ್ಟೆ ಮೈಮೇಲೆ ನೆಟ್ಟಗೆ ಇಳಿಯುವುದಿಲ್ಲ ಅಂತ. ಭುಜ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಆದರೆ ಕನ್ನಡಿ ಮುಂದೆ ನಿಂತವಳಿಗೆ ಒಮ್ಮೆ ಅನುಮಾನ ಹುಟ್ಟಿಸಿದರೆ ಆಯಿತು, ಅವಳ ಭುಜ ಅವಳಿಗೇ ಜೋಲುತ್ತಿರುವಂತೆ ಕಾಣತೊಡಗುತ್ತದೆ. ಈ ಬೀದಿಯ ಪ್ರತಿ ಮಾಸ್ಟರ್‌ಜೀಯೂ ಮಾಡುವುದು ಇದನ್ನೇ. ನನಗೆ ನಾಚಿಕೆಯಿರಲಿಲ್ಲ. ಬಾಯಿ ತೊಡರಿದರೂ ಈ ಒಂದು ವಾಕ್ಯ ಮಾತ್ರ ನನ್ನ ಬಾಯಲ್ಲಿ ಎಣ್ಣೆ ಹಾಕಿದಂತೆ ಹೊರಡುತ್ತದೆ.

ನಮ್ಮ ಒಬ್ಬಳೇ ಮಗಳು ಶೈಲಾ. ಗಂಡ ಪ್ರವೀಣ್ ನೋಯ್ಡಾದ ಒಂದು ಕಂಪನಿಯಲ್ಲಿದ್ದಾನೆ, ದಾವಣಗೆರೆ ಕಡೆಯ ಸಂಭಾವಿತ ಹುಡುಗ. ಮೊದಲ ಬಾಣಂತನ ತವರಿನಲ್ಲೇ ಆಗಬೇಕಲ್ಲ, ನಮ್ಮ ಎರಡು ಕೋಣೆಗೆ ಶೈಲಾ ಬಂದಳು. ಡಿಸೆಂಬರಿನ ಚಳಿಯಲ್ಲಿ ಗಂಡು ಮಗು ಹುಟ್ಟಿತು. ಧ್ರುವ್ ಎಂದು ಹೆಸರಿಟ್ಟರು. ನಾನು ಪುಟ್ಟ ಎಂದು ಕರೆಯುತ್ತೇನೆ. ಕಾರಣ ನಿಮಗೆ ಹೇಳಬೇಕಿಲ್ಲ.

ಪುಟ್ಟನಿಗೆ ಹಾಲು ಕುಡಿಯಲು ಬರುತ್ತಿರಲಿಲ್ಲ. ಗಂಡಸು ನಾನು, ಪರದೆಯ ಈಚೆ ಕುಳಿತವನು, ನನಗೆ ಕೇಳಿಸುತ್ತಿದ್ದದ್ದು ಸದ್ದು ಮಾತ್ರ. ಮೊದಲು ಒಂದಿಷ್ಟು ಹೊತ್ತು ಚಟ್ ಚಟ್ ಎಂದು ಬಾಯಿ ಜಾರುವ ಸದ್ದು. ಆಮೇಲೆ ಮಗುವಿನ ಅಳು. ಅದರ ಹಿಂದೆ ಶೈಲಾ ಹಲ್ಲು ಕಚ್ಚಿ 'ಸ್ಸ್' ಎನ್ನುವುದು. ಒಂದು ಗಂಟೆ ಕುಡಿಸಿದರೂ ಮಗುವಿನ ಹೊಟ್ಟೆ ತುಂಬುತ್ತಿರಲಿಲ್ಲ. ಅವಳ ಎದೆ ಒಡೆದು ರಕ್ತ ಬರುತ್ತಿತ್ತು ಎಂದು ಗಿರಿಜಾ ಆಮೇಲೆ ಹೇಳಿದಳು. ನಾನು ಮನೆಯಲ್ಲಿಟ್ಟಿದ್ದ ಹಳೆಯ ಮಷೀನಿನ ಮುಂದೆ ಕುಳಿತು, ಅಳು ಶುರುವಾದಾಗ ಪೆಡಲನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದೆ. ಆಗ ಹೊಲಿದ ದಿಂಬಿನ ಕವರುಗಳು ಈಗಲೂ ಮನೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚಿವೆ.

ಗಿರಿಜಾ ಹಾಲಿಗಾಗಿ ಸಬ್ಬಸಿಗೆ, ಬೆಳ್ಳುಳ್ಳಿ, ಮೆಂತ್ಯದ ಗಂಜಿ ಮಾಡಿದಳು. ಎದುರು ಮನೆಯ ಪಂಜಾಬಿ ಅಜ್ಜಿ ಡಬ್ಬಿಯ ತುಂಬ ಗೋಂದಿನ ಲಡ್ಡು, ನಮ್ಮ ಅಂಟಿನುಂಡೆಯಂಥದು, ತಂದು, 'ದೂಧ್ ಕಮ್ ಹೈ ಬೇಟಿ ಕಾ' ಎಂದಳು. ಹಾಲು ಕಡಿಮೆ, ಹಾಲು ಕಡಿಮೆ. ಎಲ್ಲರೂ ತಾಯಿಯ ಎದೆಯನ್ನೇ ಅಂದರು. ಮಗುವಿನ ಬಾಯೊಳಗೆ ಯಾರೂ ನೋಡಲಿಲ್ಲ. ಯಾರು ಬಿಟ್ಟರೂ ನಾನು ನೋಡಬೇಕಿತ್ತು. ಅಳುವಾಗ ಆ ನಾಲಿಗೆಯ ತುದಿ ನಡುವೆ ಸೀಳಿದ ಹಾಗೆ ಆಗುತ್ತಿದ್ದುದನ್ನು ಮೂರನೆಯ ದಿನವೇ ಕಂಡಿದ್ದೆ. ಕಂಡು, ಮುಖ ತಿರುಗಿಸಿದ್ದೆ.

ಮೂರು ವಾರವಾದಾಗ ಪ್ರವೀಣ್ ಫೋನಿನಲ್ಲಿ ಹುಡುಕಿ ಗುರುಗ್ರಾಮದ ಒಂದು ಮಕ್ಕಳ ಹಲ್ಲಿನ ಕ್ಲಿನಿಕ್ಕಿಗೆ ಹೊತ್ತು ಗೊತ್ತು ಮಾಡಿದ. 'ನೀವೂ ಬನ್ನಿ ಮಾವ, ಹಿರಿಯರು ಇದ್ದರೆ ಧೈರ್ಯ' ಎಂದ. ನಾನೇ ಹೊಲಿದುಕೊಂಡ ಬೂದು ಕೋಟು ಹಾಕಿಕೊಂಡು ಹೋದೆ. ಗಾಜಿನ ಬಾಗಿಲು, ಗೋಡೆಯ ಮೇಲೆ ನಗುವ ಆನೆ, ಕಾಫಿ ಕೊಡುವ ಯಂತ್ರ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತು ಬೆಣ್ಣೆ. ಮಗುವಿನ ನಾಲಿಗೆಯ ಕೆಳಗೆ ಬೆರಳಿಟ್ಟು ಎತ್ತಿ ನೋಡಿ, ನಾಲಿಗೆ ಕಟ್ಟಿಕೊಂಡಿದೆ, ಆದ್ದರಿಂದಲೇ ಕುಡಿಯಲು ಆಗುತ್ತಿಲ್ಲ, ಬಿಡಿಸಬೇಕು ಎಂದಳು. ಆಮೇಲೆ ಅವಳು ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, ಮಗುವಿನ ಮೇಲ್ದುಟಿ ಎತ್ತಿ, 'ಲಿಪ್ ಟೈ ಭೀ ಹೈ' ಎಂದಳು. ತುಟಿಯದ್ದೂ ಇದೆ. ಎರಡನ್ನೂ ಒಟ್ಟಿಗೆ ಲೇಸರಿನಲ್ಲಿ ಮಾಡಿಬಿಡೋಣ, ಇಲ್ಲದಿದ್ದರೆ ಮುಂದೆ ಹಲ್ಲಿನ ನಡುವೆ ಸಂದು ಬೀಳುತ್ತದೆ, ಗೊರಕೆ ಬರುತ್ತದೆ.

ಆ ಒಂದು ಹೆಜ್ಜೆ ಹಿಂದೆ ಸರಿದದ್ದು, ಆ ತಲೆ ಓರೆ ಮಾಡಿದ್ದು ನನಗೆ ಗೊತ್ತಿತ್ತು ಸ್ವಾಮಿ. ಮೂವತ್ತು ವರ್ಷ ನಾನು ಅನ್ನ ತಿಂದದ್ದೇ ಅದರಲ್ಲಿ. ತುಟಿ ಅಂದರೆ ಶೋಲ್ಡರು. ಸಿಕ್ಕಿಬಿದ್ದಳು ಎಂದು ಒಳಗೊಳಗೇ ಕುಣಿದಾಡಿದೆ.

ಅಷ್ಟರಲ್ಲಿ ಅವಳು ಕಾಗದ ತೆಗೆದುಕೊಂಡು, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ, ಎಷ್ಟೋ ಸಲ ವಂಶದಲ್ಲಿ ಬರುತ್ತದೆ ಎಂದು ಕೇಳಿದಳು. ನನ್ನ ಮಾತು ಕೇಳಿಸಿಕೊಂಡಿದ್ದಳೋ ಏನೋ, ನನ್ನ ಕಡೆ ತಿರುಗಿ, 'ಅಂಕಲ್, ಆಪ್ ಜರಾ ಜೀಭ್ ದಿಖಾಯೇಂಗೆ?' ಎಂದಳು. ನಾಲಿಗೆ ತೋರಿಸಿ ಅಂತ. ಪ್ರವೀಣ್ ನನ್ನ ಮುಖ ನೋಡಿದ. ಅವನಿಗೆ ಗೊತ್ತಿರಲಿಲ್ಲ. ಅಳಿಯನ ಮುಂದೆ, ಕೋಟು ಹಾಕಿಕೊಂಡು, ನಗುವ ಆನೆಯ ಕೆಳಗೆ ಕುಳಿತು ನಾಲಿಗೆ ಚಾಚಬೇಕು!

'ಹಮಾರೇ ಘರ್ ಮೇಂ ಐಸಾ ಕುಛ್ ನಹೀಂ ಹೈ' ಎಂದೆ. ನಮ್ಮ ಮನೆಯಲ್ಲಿ ಹಾಗೇನೂ ಇಲ್ಲ.

ಶೈಲಾ ಮಗುವಿನ ಮೇಲಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. ಚಿಕ್ಕವಳಿದ್ದಾಗ ನನ್ನ ತೊಡೆಯ ಮೇಲೆ ಕೂತು, 'ಅಪ್ಪಾ, ನಾಲಿಗೆ ಹೊರಗೆ ಹಾಕು, ಹಾಕೋಕಾಗಲ್ಲ, ಹಾಕೋಕಾಗಲ್ಲ' ಎಂದು ಚಪ್ಪಾಳೆ ತಟ್ಟಿ ನಗುತ್ತಿದ್ದವಳು ಅವಳೇ. ಮತ್ತೆ ಕಣ್ಣು ತಗ್ಗಿಸಿದಳು.

'ಏಳಿ, ಹೋಗೋಣ' ಎಂದು ನಾನೇ ಮೊದಲು ಎದ್ದೆ. ಹೊರಗೆ ಗಾಡಿಗೆ ಕಾಯುತ್ತಾ ನಿಂತಾಗ ನನಗೆ ಗೆದ್ದ ಹುರುಪು. 'ನೋಡಿ ಪ್ರವೀಣ್, ತಿಂಗಳೂ ತುಂಬದ ಕೂಸಿನ ತುಟಿ ಸುಡ್ತಾರಂತೆ! ಇದೆಲ್ಲಾ ದಂಧೆ. ನಮ್ಮ ಬಜಾರಿನ ಆಟ ನಮಗೇ ತೋರಿಸ್ತಾಳೆ.'

ಅವನು ಫೋನು ತೆಗೆದು ಏನೋ ಓದಿದ. 'ಹೌದು ಮಾವ, ತುಟಿದು ಸುಮ್ನೆ ಮಾಡ್ತಾರೆ ಅಂತ ಇಲ್ಲೂ ಎಷ್ಟೋ ಡಾಕ್ಟರೇ ಬರ್ದಿದ್ದಾರೆ.'

'ಹೇಳ್ಲಿಲ್ವಾ ನಾನು?'

'ಆದ್ರೆ ಅಪ್ಪಾ,' ಎಂದಳು ಶೈಲಾ, 'ನಾಲಿಗೇದು ನಿಜ ಇರಬಹುದಲ್ವಾ?'

'ಒಂದು ಸುಳ್ಳು ಹೇಳಿದೋರು ಇನ್ನೊಂದು ನಿಜ ಹೇಳ್ತಾರೇನಮ್ಮಾ?'

ಐದು ನಿಮಿಷದ ಹಿಂದೆ ಒಳಗಿನ ಕುರ್ಚಿಯಲ್ಲಿ ಕೂತು ನಾನು ಹೇಳಿದ ಸುಳ್ಳು ಆಗ ನನಗೆ ನೆನಪಾಗಲಿಲ್ಲ ಎಂದು ಬರೆಯಬೇಕೆಂದಿದ್ದೆ. ಬರೆದರೆ ಅದೂ ಸುಳ್ಳೇ.

ಪ್ರವೀಣನ ತಾಯಿ ಊರಿನಿಂದ ಫೋನು ಮಾಡಿ, 'ಹಸುಗೂಸಿನ ಬಾಯಿಗೆ ಕತ್ತರಿ ಹಾಕಿಸಬೇಡ್ರಪ್ಪಾ' ಎಂದರು. ಅಲ್ಲಿಗೆ ನನ್ನ ಮಾತಿಗೆ ಬಲ ಬಂತು. 'ನಾನು ಬೆಳೀಲಿಲ್ವಾ? ದುಡೀಲಿಲ್ವಾ? ಮನೆ ನಡೆಸ್ಲಿಲ್ವಾ?' ಎಂದು ಮನೆಗೆ ಬಂದು ಗಿರಿಜಾಳ ಮುಂದೆ ಹಾರಾಡಿದೆ. ಅವಳು, 'ನೀವು ಹೇಗೆ ಹಾಲು ಕುಡಿದ್ರೋ ನಿಮ್ಮಮ್ಮನಿಗೆ ಗೊತ್ತಿತ್ತು. ಕೇಳೋಣ ಅಂದ್ರೆ ಅವರಿಲ್ಲ' ಎಂದಳು. ಊರಿನಿಂದ ಸಾವಿತ್ರಿ ಬಜೆ ಬೇರು ಕಳಿಸಿದಳು. ಸಾಣೆಕಲ್ಲಿನಲ್ಲಿ ತೇಯ್ದು ಮಗುವಿನ ನಾಲಿಗೆಗೆ ಸವರಿದರೆ ಮಾತು ಸ್ಪಷ್ಟವಾಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ನಾನೇ ದಿನಾ ಬೆಳಿಗ್ಗೆ ಕೂತು ತೇಯುತ್ತಿದ್ದೆ. ಹಸಿದು ಅಳುವ ಮಗುವಿಗೆ ಮುಂದಿನ ಮಾತಿನ ಔಷಧಿ! ನನಗೂ ಚಿಕ್ಕಂದಿನಲ್ಲಿ ಅಮ್ಮ ಇದನ್ನೇ ಸವರಿದ್ದಳಂತೆ. ಅದರ ಫಲವನ್ನು ನಲವತ್ತು ವರ್ಷದಿಂದ ಗಿರಾಕಿಗಳು ಕೇಳುತ್ತಿದ್ದಾರೆ.

ಶೈಲಾ ಏಳು ವಾರ ಒದ್ದಾಡಿದಳು. ಮೊದಲು ಹಗಲಿಗೆ ಒಂದು ಬಾಟಲಿ, ಆಮೇಲೆ ಎರಡು, ಆಮೇಲೆ ಪೂರ್ತಿ ಡಬ್ಬಿಯ ಹಾಲು. ಬಾಟಲಿಯಲ್ಲೂ ಅರ್ಧ ಹಾಲು ಗಲ್ಲದ ಮೇಲೆ ಹರಿಯುತ್ತಿತ್ತು. ಮಗು ಹೆಚ್ಚು ತೂಗಲಿಲ್ಲ. ಅವಳೂ ಮಾತು ಕಡಿಮೆ ಮಾಡಿದಳು. ಪರದೆಯ ಆಚೆಯಿಂದ 'ಸ್ಸ್' ಎನ್ನುವುದು ನಿಂತಾಗ, ಸದ್ಯ ನೋವು ಹೋಯಿತಲ್ಲ ಎಂದುಕೊಂಡೆ. ಎದೆಗೆ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದಳು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಹತ್ತನೇ ವಾರದ ಚುಚ್ಚುಮದ್ದಿಗೆ ಸರ್ಕಾರಿ ಆಸ್ಪತ್ರೆಗೆ ಹೋದೆವು, ನಾನು, ಗಿರಿಜಾ, ಶೈಲಾ. ಅಲ್ಲಿನ ಡಾಕ್ಟರಮ್ಮ ತಲೆ ನರೆತ ಹೆಂಗಸು, ಮಾತು ಒರಟು. ತೂಕದ ಕಾರ್ಡು ನೋಡಿ ಹುಬ್ಬೇರಿಸಿದಳು. ಬಾಟಲಿ ಕುಡಿಸುವುದನ್ನು ಎದುರಿಗೇ ಮಾಡಿಸಿ ನೋಡಿದಳು. ಬೆರಳು ತೊಳೆದು ಮಗುವಿನ ಬಾಯೊಳಗಿಟ್ಟಳು. ಶೈಲಾ ಹೆದರುತ್ತಾ, ತುಟಿಯದ್ದೂ ಇದೆ ಅಂದಿದ್ದರು ಎಂದಳು.

'ಹೋಂಠ್ ಬಿಲಕುಲ್ ಠೀಕ್ ಹೈ,' ಎಂದಳು ಡಾಕ್ಟರಮ್ಮ. ತುಟಿಗೆ ಏನೂ ಆಗಿಲ್ಲ. ನಾಲಿಗೆ ಕಟ್ಟಿಕೊಂಡ ಎಲ್ಲಾ ಮಕ್ಕಳಿಗೂ ಕತ್ತರಿ ಬೇಕಿಲ್ಲ, ಆದರೆ ಕುಡಿಯಲು ಆಗದ ಈ ಮಗುವಿಗೆ ಬೇಕಿತ್ತು, ಮೊದಲ ವಾರಗಳಲ್ಲೇ ಬೇಕಿತ್ತು ಎಂದಳು. ಆಮೇಲೆ ನಮ್ಮ ಮೂವರನ್ನೂ ನೋಡಿ, 'ಕಿಸನೇ ರೋಕಾ?' ಎಂದು ಗದರಿದಳು. ಯಾರು ತಡೆದದ್ದು?

ನಾನು ನೆಲ ನೋಡಿದೆ. ಗಿರಿಜಾ ನನ್ನ ನೋಡಿದಳು. ಶೈಲಾ, 'ಹಮನೇ ಹೀ ಲೇಟ್ ಕರ್ ದಿಯಾ, ಡಾಕ್ಟರ್' ಎಂದಳು. ನಾವೇ ತಡ ಮಾಡಿದೆವು. ನಾವು ಎಂದಳು. ನಮ್ಮಪ್ಪ ಎನ್ನಲಿಲ್ಲ.

ಎರಡು ದಿನ ಬಿಟ್ಟು ಅದೇ ಆಸ್ಪತ್ರೆಯ ಕಿವಿ-ಮೂಗು-ಗಂಟಲಿನ ವಿಭಾಗದಲ್ಲಿ ಕೆಲಸ ಆಯಿತು. ಶೈಲಾ ತನ್ನಿಂದ ನೋಡಲಾಗದು ಎಂದಳು, ಆದ್ದರಿಂದ ಬಟ್ಟೆ ಸುತ್ತಿದ ಮಗುವನ್ನು ನಾನು ಹಿಡಿದುಕೊಂಡೆ. ಡಾಕ್ಟರರ ಕತ್ತರಿ ನನ್ನ ದಾರ ಕತ್ತರಿಸುವ ಕತ್ತರಿಗಿಂತ ಚಿಕ್ಕದು, ತುದಿ ಮೊಂಡು. ನಾನು ಉಸಿರು ಎಳೆದುಕೊಂಡೆ, ಬಿಡುವಷ್ಟರಲ್ಲಿ ಮುಗಿದಿತ್ತು. ಹತ್ತಿಬಟ್ಟೆಯ ಮೇಲೆ ಎರಡು ತೊಟ್ಟು ರಕ್ತ. ಚುಚ್ಚುಮದ್ದಿಗೆ ಅತ್ತಷ್ಟೂ ಮಗು ಅಳಲಿಲ್ಲ. 'ಚಲೋ, ಮಾ ಕೋ ದೋ' ಎಂದರು, ತಾಯಿಗೆ ಕೊಟ್ಟು ಎದೆಗೆ ಹಾಕಿಸಿ.

ನಾನು ಆಚೆ ನಿಂತೆ. ಗಿರಿಜಾ ಹೊರಗೆ ಬಂದು ಗೋಡೆಗೆ ಒರಗಿದಳು. 'ಈ ಸಲ ಬಾಯಿ ಜಾರ್ಲಿಲ್ಲ ರೀ. ಚೆನ್ನಾಗಿ ಹಿಡ್ಕೊಂಡು ಎಳೀತು.' ಸೆರಗಿನಲ್ಲಿ ಮುಖ ಒರೆಸಿಕೊಂಡು ಅಂದಳು, 'ಹಾಲೇ ಇಲ್ಲ.'

ಅವತ್ತು ಮೆಟ್ರೋದಲ್ಲಿ ಬರುತ್ತಾ ನನಗೆ ಹೊಳೆದದ್ದು ಇಷ್ಟೇ. ನಾನು ಗಿರಾಕಿಗೆ ಭುಜದ ಸುಳ್ಳು ಹೇಳುತ್ತೇನೆ, ನಿಜ. ಆದರೆ ಅವಳ ಸೊಂಟ ನಿಜವಾಗಿಯೂ ಸಡಿಲವಿರುತ್ತದೆ. ಅದಕ್ಕೇ ಅಲ್ಲವೇ ಅವಳು ನನ್ನ ಹತ್ತಿರ ಬಂದದ್ದು? ಭುಜದ ಸುಳ್ಳನ್ನು ಹಿಡಿದು ಸೊಂಟವನ್ನೂ ಹೊಲಿಸದೆ ಎದ್ದು ಹೋದ ಗಿರಾಕಿಯನ್ನು ನಾನು ಇವತ್ತಿನ ತನಕ ನೋಡಿಲ್ಲ. ಅಂಥ ಜಾಣ ಈ ಊರಿನಲ್ಲಿ ನಾನೊಬ್ಬನೇ.

ಕಿತ್ತ ಹೊಲಿಗೆಯನ್ನು ಮತ್ತೆ ಹಾಕಬಹುದು, ಬತ್ತಿದ ಎದೆ ಹಾಗಲ್ಲ ಎಂದು ನನಗೆ ತಿಳಿಯಲು ಇನ್ನೊಂದು ತಿಂಗಳು ಹಿಡಿಯಿತು. ಶೈಲಾ ಪಂಪು ತಂದಳು, ಗಂಟೆಗಟ್ಟಲೆ ಕೂತಳು, ಚಮಚದಷ್ಟು ಬಂದದ್ದನ್ನು ನೋಡಿ ಅತ್ತಳು, ಆಮೇಲೆ ಪಂಪನ್ನು ಪೆಟ್ಟಿಗೆಗೆ ಹಾಕಿದಳು. ಪುಟ್ಟ ಡಬ್ಬಿಯ ಹಾಲಿನಲ್ಲೇ ದುಂಡಗಾದ. ಐದನೇ ತಿಂಗಳಲ್ಲಿ ಮಡಿಲು ತುಂಬಿ ಕಳಿಸಿಕೊಟ್ಟೆವು. ಮನೆಯಲ್ಲಿ ಯಾರೂ ಜಗಳವಾಡಲಿಲ್ಲ. ಯಾರಾದರೂ ಆಡಬಾರದಿತ್ತೇ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಮೂರು ವರ್ಷದ ಮೇಲೆ ಶೈಲಾ ಮತ್ತೆ ಬಸುರಿಯಾದಳು. ಗಿರಿಜಾ ಹಳೆಯ ಹತ್ತಿ ಸೀರೆಗಳನ್ನು ಒಗೆದು ಮಡಿಸಿಟ್ಟಳು. ನಾನು ಅಂಗಡಿಯ ಕೆಲಸ ಬದಿಗಿಟ್ಟು ಮಲ್ಲು ಬಟ್ಟೆಯಲ್ಲಿ ಆರು ಜುಬ್ಬ, ನಾಲ್ಕು ಕುಲಾವಿ ಹೊಲಿದೆ. ಹೊಲಿಗೆಯ ಗಂಟು ಮಗುವಿನ ಮೈಗೆ ತಾಗಬಾರದೆಂದು ಎಲ್ಲವನ್ನೂ ಹೊರಮೈಗೆ ತಿರುಗಿಸಿದೆ. ಕೋಣೆಗೆ ಹೊಸ ಪರದೆ ಹಾಕಿದೆ. ಒಂದು ಸಂಜೆ ಗಿರಿಜಾಳ ಫೋನಿನ ಸ್ಪೀಕರಿನಲ್ಲಿ ಶೈಲಾಳ ಮಾತು ಕೇಳಿಸಿತು. 'ಅಮ್ಮಾ, ಈ ಸಲ ನೀನೇ ಇಲ್ಲಿಗೆ ಬಾ. ಧ್ರುವನ ಸ್ಕೂಲ್ ಇದೆ. ಅಪ್ಪ ಅಂಗಡಿ ನೋಡ್ಕೊಳ್ಳಲಿ.' ಸ್ಕೂಲು ನಿಜವಾದ ಕಾರಣವೇ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಗಿರಿಜಾ ಬ್ಯಾಗು ತುಂಬಿಕೊಂಡು ನೋಯ್ಡಾಕ್ಕೆ ಹೋದಳು. ನಾನು ಅನ್ನ ಬೇಯಿಸಿಕೊಳ್ಳುವುದನ್ನು ಕಲಿತೆ.

ಹೆಣ್ಣು ಮಗು ಹುಟ್ಟಿತು. ಹೆರಿಗೆಯ ದಿನ ಆಸ್ಪತ್ರೆಯಲ್ಲಿ ನೋಡಿ ಬಂದವನು, ಒಂಬತ್ತನೇ ದಿನ ಜುಬ್ಬಗಳ ಗಂಟು ಹಿಡಿದು ನೋಯ್ಡಾದ ಅವರ ಮನೆಗೆ ಹೋದೆ. ಪುಟ್ಟ ಬಾಗಿಲಿಗೇ ಓಡಿ ಬಂದ. ಅವನ ಮಾತು ಕನ್ನಡವೂ ಅಲ್ಲ, ಹಿಂದಿಯೂ ಅಲ್ಲ, ಆದರೆ ಪ್ರತಿ ಅಕ್ಷರವೂ ಗಾಜಿನ ಹಾಗೆ.

'ತಾತಾ, ತಾತಾ! ಬೇಬಿ ಕಾ ಟಂಗ್ ಡಾಕ್ಟರ್ ನೇ ಕಟ್ ಕಿಯಾ! ಥೋಡಾ ಸಾ ಬ್ಲಡ್ ಬಂತು!'

ನಾನು ಗಂಟನ್ನು ಸೋಫಾದ ಮೇಲಿಟ್ಟೆ. ಶೈಲಾ ಒಳಗಿನಿಂದ ಬಂದು ಎದುರಿಗೆ ಕೂತಳು. ಮುಖ ತುಂಬಿಕೊಂಡಿತ್ತು, ಶಾಂತವಾಗಿತ್ತು.

'ಹೌದು ಅಪ್ಪಾ. ಎರಡನೇ ದಿನವೇ ಗೊತ್ತಾಯ್ತು, ಅದೇ ನೋವು. ಡಾಕ್ಟರನ್ನ ಕರೆಸಿ ಕುಡಿಸೋದನ್ನ ತೋರಿಸ್ದೆ. ಮನೇಲಿ ಯಾರಿಗಾದ್ರೂ ಇದೆಯಾ ಅಂತ ಕೇಳಿದ್ರು. ಮಗನಿಗಿತ್ತು, ನಮ್ಮಪ್ಪನಿಗಿದೆ ಅಂದೆ. ನಾಲ್ಕನೇ ದಿನ ಮಾಡಿದ್ರು.'

ನಮ್ಮಪ್ಪನಿಗಿದೆ. ಎಷ್ಟು ಸುಲಭದ ಮಾತು. ಪ್ರವೀಣ್ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ, ತಲೆ ಎತ್ತಲಿಲ್ಲ.

'ಒಂದು ಮಾತು ನನಗೂ ಹೇಳಬಹುದಿತ್ತಲ್ಲಮ್ಮಾ,' ಎಂದೆ. ನಾನೇನು ಬೇಡ ಅನ್ನುತ್ತಿದ್ದೆನೇ ಎಂದು ಮುಂದೆ ಸೇರಿಸುವವನಿದ್ದೆ.

ಶೈಲಾ ಜುಬ್ಬಗಳ ಗಂಟು ಬಿಚ್ಚಿ, ಒಂದನ್ನು ಕೈಗೆತ್ತಿಕೊಂಡು, ಹೊರಮೈಯ ಹೊಲಿಗೆಯ ಮೇಲೆ ಬೆರಳಾಡಿಸಿದಳು.

'ಹೇಳಿದ್ರೆ ನೀವು ಬಂದುಬಿಡ್ತಿದ್ರಿ ಅಪ್ಪಾ,' ಎಂದಳು.

ಕೋಪವಿರಲಿಲ್ಲ. ಅಂಗಡಿಗೆ ಬಂದ ಗಿರಾಕಿ ಬಟ್ಟೆಯ ಅಳತೆ ಹೇಳುವ ಹಾಗೆ ಹೇಳಿದಳು. ಒಳಗೆ ಮಗು ಎದ್ದ ಸದ್ದಾಯಿತು, ಅವಳು ಎದ್ದು ಹೋಗಿ ಬಾಗಿಲನ್ನು ಅರ್ಧ ಮುಂದೆ ಮಾಡಿದಳು. ಒಂದು ನಿಮಿಷ ಏನೂ ಕೇಳಿಸಲಿಲ್ಲ. ಆಮೇಲೆ ಶುರುವಾಯಿತು. ಗುಟುಕ್, ಗುಟುಕ್, ಗುಟುಕ್. ನಡುವೆ ಒಂದು ಉಸಿರು, ಮತ್ತೆ ಗುಟುಕ್. ನಾನು ಸೋಫಾದ ತುದಿಯಲ್ಲಿ ಅಲ್ಲಾಡದೆ ಕುಳಿತು ಪೂರ್ತಿ ಕೇಳಿದೆ. ಹೊಟ್ಟೆ ತುಂಬ ಹಾಲು ಕುಡಿಯುವ ಮಗು ಹೀಗೆ ಸದ್ದು ಮಾಡುತ್ತದೆ. ನಮ್ಮ ಎರಡು ಕೋಣೆಯ ಮನೆಯಲ್ಲಿ ಆ ಐದು ತಿಂಗಳು ಅದು ಒಮ್ಮೆಯೂ ಕೇಳಿಸಿರಲಿಲ್ಲ.